ಕೋಡ್ ಮುಟ್ಟೇ ಇಲ್ಲ, ಬಿಲ್ಡ್ ಯಾಕೆ ಮುರಿಯಿತು?

ಪ್ರಶ್ನೆ: ಮೊನ್ನೆವರೆಗೂ ಸರಿಯಾಗಿ ಬಿಲ್ಡ್ ಆಗುತ್ತಿದ್ದ ಪ್ಯಾಕೇಜ್, ಕಂಪೈಲರ್ ಅಪ್‌ಡೇಟ್ ಆದ ಮೇಲೆ ಫೇಲ್ ಆಗುತ್ತಿದೆ. ಸೋರ್ಸ್‌ನಲ್ಲಿ ಒಂದು ಸಾಲೂ ಬದಲಾಗಿಲ್ಲ. ಹಾಗಾದರೆ ಇದು ಕಂಪೈಲರ್ ಬಗ್ ಅಲ್ವಾ?

ಉತ್ತರ: ಇರಬಹುದು, ಆದರೆ ಬಹಳ ಸಲ ಅಲ್ಲ. ಹಳೇ ಕಂಪೈಲರ್ ನೋಡಿಯೂ ನೋಡದ ಹಾಗೆ ಬಿಟ್ಟಿದ್ದ ತಪ್ಪನ್ನು ಹೊಸದು ಹಿಡಿದಿರುತ್ತದೆ, ಅಷ್ಟೇ.

ಲಾಗ್‌ನ ಕೊನೆಯ ಸಾಲು ನೋಡಬೇಡಿ, ಮೊದಲ ಎರರ್ ಹುಡುಕಿ. ಒಟ್ಟಿಗೆ ಹತ್ತಾರು ಕೆಲಸ ಓಡುವಾಗ ಲಾಗ್ ಕಲಸಿ ಹೋಗಿರುತ್ತದೆ. ಬಿಲ್ಡ್ ನಡೆಸುವ ಮೇಕ್ ಟೂಲ್‌ಗೆ ಒಮ್ಮೆಗೆ ಒಂದೇ ಜಾಬ್ ಕೊಟ್ಟು ಮತ್ತೆ ಓಡಿಸಿ. ಹಾಗೆ ಮಾಡಿದಾಗ ಪಾಸ್ ಆಯಿತೋ? ಮೇಕ್‌ಫೈಲ್‌ನಲ್ಲೇ ಯಾವುದೋ ಡಿಪೆಂಡೆನ್ಸಿ (ಯಾವುದಕ್ಕೆ ಮೊದಲು ಯಾವುದು ಆಗಬೇಕು ಎಂಬುದು) ಬರೆಯಲು ಮರೆತಿರುವ ಸಾಧ್ಯತೆ ಜಾಸ್ತಿ.

ಇನ್ನು ಎರರ್ ಓದಿದರೆ ಅರ್ಧ ಉತ್ತರ ಸಿಕ್ಕ ಹಾಗೆ. 'ಮಲ್ಟಿಪಲ್ ಡೆಫಿನಿಷನ್' ಅಂತ ಲಿಂಕರ್ (ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಟೂಲ್) ಗೊಣಗಿದರೆ, ಹಲವು ಸೋರ್ಸ್ ಫೈಲ್‌ಗಳು ಸೇರಿಸಿಕೊಳ್ಳುವ ಹೆಡರ್‌ನಲ್ಲಿ ಎಕ್ಸ್‌ಟರ್ನ್ ಹಾಕದೆ ಗ್ಲೋಬಲ್ ವೇರಿಯಬಲ್ ಬರೆದಿದ್ದಾರಾ ನೋಡಿ. ಜಿಸಿಸಿ ಎಂಬ ಸಿ ಕಂಪೈಲರ್‌ನಲ್ಲಿ, 2020ರ ಜಿಸಿಸಿ 10ರಿಂದ ಅದಕ್ಕೆ ರಿಯಾಯಿತಿ ಇಲ್ಲ. ಡಿಕ್ಲೇರ್ ಮಾಡದ ಫಂಕ್ಷನ್ ಕರೆದರೆ 2024ರ ಜಿಸಿಸಿ 14 ವಾರ್ನಿಂಗ್ ಅಲ್ಲ, ಎರರ್ ಕೊಡುತ್ತದೆ. 2025ರ ಜಿಸಿಸಿ 15, ಸಿ ಭಾಷೆಯ ಹೊಸ ಸ್ಟ್ಯಾಂಡರ್ಡ್ ಆದ ಸಿ23 ಅನ್ನೇ ಡಿಫಾಲ್ಟ್ ಮಾಡಿತು. ಅಲ್ಲಿ 'ಬೂಲ್' ಕೀವರ್ಡ್, ಅಂದರೆ ಭಾಷೆಯೇ ಕಾದಿರಿಸಿದ ಪದ, ಹಾಗಾಗಿ ತಾವೇ ಆ ಹೆಸರಿನ ಟೈಪ್ ಅನ್ನು ಟೈಪ್‌ಡೆಫ್ ಮಾಡಿಕೊಂಡಿದ್ದ ಹಳೇ ಕೋಡ್ ಎಡವುತ್ತದೆ.

ಇವೆಲ್ಲ ಕಿರುಚಿ ಹೇಳುವ ತಪ್ಪುಗಳು. ನನಗೆ ಭಯ ಇರುವುದು ಬಾಯಿ ಬಿಡದ ತಪ್ಪಿನ ಬಗ್ಗೆ. ಬಿಲ್ಡ್‌ಗೆ ಮುಂಚೆ ಓಡುವ ಕಾನ್ಫಿಗರ್ ಸ್ಕ್ರಿಪ್ಟ್ ಪುಟ್ಟ ಪುಟ್ಟ ಟೆಸ್ಟ್ ಪ್ರೋಗ್ರಾಂಗಳನ್ನು ಕಂಪೈಲ್ ಮಾಡಿ, ಯಾವ ಸೌಲಭ್ಯ ಇದೆ, ಯಾವುದಿಲ್ಲ ಎಂದು ತೀರ್ಮಾನಿಸುತ್ತದೆ. ಆ ಟೆಸ್ಟ್‌ನಲ್ಲೇ ಹೆಡರ್ ಸೇರಿಸದೆ 'ಎಕ್ಸಿಟ್' ಕರೆದಿದ್ದರೆ? ಜಿಸಿಸಿ 14ರಲ್ಲಿ ಟೆಸ್ಟ್ ಫೇಲ್ ಆಗುತ್ತದೆ. ಸ್ಕ್ರಿಪ್ಟ್ ಪಾಪ, 'ಈ ಸೌಲಭ್ಯ ಇಲ್ಲ' ಅಂದುಕೊಂಡು ಸುಮ್ನೆ ಮುಂದೆ ಹೋಗುತ್ತದೆ. ಬಿಲ್ಡ್ ಪಾಸ್! ಒಂದು ಫೀಚರ್ ಮಾತ್ರ ಮಾಯ. ಆದ್ದರಿಂದ ಹಳೇದು, ಹೊಸದು ಎರಡೂ ಕಂಪೈಲರ್‌ಗಳಲ್ಲಿ ಬಂದ ಕಾನ್ಫಿಗ್ ಹೆಡರ್‌ಗಳನ್ನು (ಸ್ಕ್ರಿಪ್ಟ್‌ನ ತೀರ್ಮಾನಗಳಿರುವ ಫೈಲ್‌ಗಳು) ಡಿಫ್ ಮಾಡಿ, ಅಂದರೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡ ಕಡೆ ಕಾನ್ಫಿಗ್ ಲಾಗ್ ತೆರೆದು ಆ ಟೆಸ್ಟ್ ಯಾಕೆ ಬಿತ್ತು ನೋಡಿ. ಬೇಜಾರಿನ ಕೆಲಸವೇ, ಆದರೂ ಬಿಡಬೇಡಿ.

ಬಿಲ್ಡ್ ಆಗಿ ಟೆಸ್ಟ್‌ಗಳು ಮಾತ್ರ ಫೇಲ್ ಆದರೆ ಆಪ್ಟಿಮೈಸೇಷನ್ (ಪ್ರೋಗ್ರಾಂ ವೇಗಗೊಳಿಸಲು ಕಂಪೈಲರ್ ಮಾಡುವ ಮಾರ್ಪಾಡು) ಇಳಿಸಿ ನೋಡಿ. ಇಳಿಸಿದಾಗ ಸರಿಹೋಯಿತು ಅಂದಮಾತ್ರಕ್ಕೆ ಕಂಪೈಲರ್ ಮೇಲೆ ಗೂಬೆ ಕೂರಿಸಬೇಡಿ. ಕೋಡ್‌ನಲ್ಲೇ ಅನ್‌ಡಿಫೈನ್ಡ್ ಬಿಹೇವಿಯರ್ (ಏನಾಗಬೇಕೆಂದು ಭಾಷೆಯ ನಿಯಮ ಹೇಳದ ಬಳಕೆ) ಇದ್ದರೂ ಹೀಗೇ ಆಗುತ್ತದೆ. ಓಡುವಾಗಲೇ ಇಂಥ ತಪ್ಪು ಹಿಡಿಯುವ ಸ್ಯಾನಿಟೈಸರ್ ಹಾಕಿ ಓಡಿಸಿ. 'ಇಂಟರ್ನಲ್ ಕಂಪೈಲರ್ ಎರರ್' ಬಂದರೆ ಮಾತು ಬೇರೆ, ಅದು ಕಂಪೈಲರ್‌ನದೇ ಬಗ್. ಪ್ರಿಪ್ರೊಸೆಸ್ ಆದ (ಹೆಡರ್‌ಗಳೆಲ್ಲ ಒಳಗೇ ಸೇರಿದ) ಫೈಲನ್ನು ಸಿ-ವೈಸ್ ಎಂಬ ಟೂಲ್‌ನಿಂದ, ಬಗ್ ಉಳಿಯುವ ಹಾಗೆ ಕಿರಿದು ಮಾಡಿ ವರದಿ ಕೊಡಿ.

ತುರ್ತಿಗೆ ಜಿಸಿಸಿ 15ಕ್ಕೆ ಹಳೇ ಸಿ17 ಸ್ಟ್ಯಾಂಡರ್ಡ್ ಫ್ಲ್ಯಾಗ್ ಹಾಕಿ ಪ್ಯಾಕೇಜ್ ಹೊರಡಿಸಿದರೆ ತಪ್ಪೇನಿಲ್ಲ. ಯಾಕೆ ಹಾಕಿದಿರಿ ಎಂದು ಪಕ್ಕದಲ್ಲೇ ಒಂದು ಸಾಲು ಬರೆದಿಡಿ. ಪ್ಯಾಚ್ ಬರೆಯಲು ಕೂರುವ ಮುಂಚೆ ಅಪ್‌ಸ್ಟ್ರೀಮ್ ಗಿಟ್ (ಮೂಲ ಲೇಖಕರ ಕೋಡ್ ಭಂಡಾರ) ನೋಡಿ, ಯಾರೋ ಆಗಲೇ ಸರಿಮಾಡಿರಬಹುದು.