ಆಸ್ಯವೂ ಬೇಡ, ಬಿಥೂನ್ಯವೂ ಬೇಡ: ಅಪೊಸ್ತಲರ ಕೃತ್ಯಗಳು 16:6-15ರ ಟಿಪ್ಪಣಿ

ಈ ಭಾಗ ಓದುವಾಗ ನಕ್ಷೆ ಪಕ್ಕದಲ್ಲಿರಲಿ. ಇಲ್ಲಿ ಬರುವ ಆಸ್ಯ ಈಗಿನ ಟರ್ಕಿಯ ಪಶ್ಚಿಮದಲ್ಲಿದ್ದ ರೋಮನ್ ಪ್ರಾಂತ. ಎಫೆಸ ಇರುವುದು ಅಲ್ಲೇ. ಬಿಥೂನ್ಯ ಉತ್ತರಕ್ಕೆ, ಕಪ್ಪು ಸಮುದ್ರದ ಕಡೆ.

ಅಪೊಸ್ತಲ ಪೌಲ ಹೊರಟದ್ದು ಹೊಸ ಸೀಮೆ ಹುಡುಕಿಕೊಂಡಲ್ಲ. ಮೊದಲು ಸುವಾರ್ತೆ ಸಾರಿದ ಊರುಗಳ ಸಹೋದರರನ್ನು ನೋಡಿ ಬರೋಣ ಅಂತ ಹೊರಟ (15:36). ಶುರುವಿಗೇ ಮಾರ್ಕನನ್ನು ಕರೆದೊಯ್ಯುವ ವಿಷಯದಲ್ಲಿ ಮೊದಲಿನ ಜೊತೆಗಾರ ಬಾರ್ನಬನ ಜೊತೆ ಜಗಳವಾಯಿತು, ಇಬ್ಬರೂ ಬೇರೆಯಾದರು. ಸೀಲ ಜೊತೆಗೆ ಬಂದ, ಲುಸ್ತ್ರದಲ್ಲಿ ತಿಮೊಥೆಯ ಸೇರಿಕೊಂಡ.

ಈಗ 6ರಿಂದ 8ನೇ ವಚನ. ಆಸ್ಯದಲ್ಲಿ ವಾಕ್ಯ ಹೇಳದಂತೆ ಪವಿತ್ರಾತ್ಮನು ತಡೆದನು. ಬಿಥೂನ್ಯಕ್ಕೆ ಹೋಗಲು ನೋಡಿದರೆ ಅದಕ್ಕೂ ಬಿಡಲಿಲ್ಲ. ಹೇಗೆ ತಡೆದನು, ಯಾಕೆ ತಡೆದನು ಅಂತ ಈ ಪುಸ್ತಕ ಬರೆದ ಲೂಕ ಹೇಳಿಲ್ಲ. ನೂರಾರು ಕಿಲೋಮೀಟರ್ ದಾರಿ ಮೂರೇ ವಚನದಲ್ಲಿ ಮುಗಿದುಹೋಗುತ್ತದೆ. ನಾವು ಓದುವಾಗ ಕಣ್ಣು ಸೀದಾ 9ನೇ ವಚನದ ದರ್ಶನಕ್ಕೆ, ಮಕೆದೋನ್ಯಕ್ಕೆ ಬಾ ಅಂತ ಒಬ್ಬ ಪೌಲನನ್ನು ಕರೆಯುವಲ್ಲಿಗೆ, ಹಾರುತ್ತದೆ. ಅವರು ಆ ದಾರಿ ನಡೆಯುವಾಗ ದರ್ಶನ ಇನ್ನೂ ಬಂದಿರಲಿಲ್ಲ ಅಲ್ವಾ? ಎಲ್ಲಿಗೆ ಹೋಗಬಾರದು ಅನ್ನುವುದಷ್ಟೇ ಗೊತ್ತಿತ್ತು.

ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ನನಗೆ ಬೇಕಿದ್ದ ಕೋರ್ಸಿನ ಸೀಟು ಕೈತಪ್ಪಿದಾಗ "ದೇವರು ಇಲ್ಲ ಅಂದಿಲ್ಲ, ಆಮೇಲೆ ಅಂದಿದ್ದಾನೆ" ಅಂತ ಸಭೆಯ ಹಿರಿಯರು ಸಮಾಧಾನ ಹೇಳಿದ್ದರು. ಆಸ್ಯದ ಮಟ್ಟಿಗೆ ಆ ಮಾತು ನಿಜ. 19ನೇ ಅಧ್ಯಾಯದಲ್ಲಿ ಪೌಲ ಎಫೆಸಕ್ಕೆ ಬರುತ್ತಾನೆ, ತುರನ್ನನ ತರ್ಕಶಾಲೆಯಲ್ಲಿ 2 ವರ್ಷ ಬೋಧಿಸುತ್ತಾನೆ. ಆಸ್ಯದವರೆಲ್ಲ ವಾಕ್ಯ ಕೇಳಿದರು ಅಂತ ಲೂಕನೇ ಬರೆಯುತ್ತಾನೆ (19:10). ಮೊದಲು ತಡೆದ ಅದೇ ಸೀಮೆ!

ಆದರೆ ಬಿಥೂನ್ಯ? ಪೌಲ ಅಲ್ಲಿಗೆ ಹೋದ ಅಂತ ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ. ಹಾಗಂತ ದೇವರು ಆ ಜನರನ್ನು ಕೈಬಿಡಲಿಲ್ಲ. 1 ಪೇತ್ರ 1:1 ತೆಗೆದು ನೋಡಿ, ಪತ್ರ ಯಾರಿಗೆ ಅನ್ನುವ ಪಟ್ಟಿಯಲ್ಲಿ ಬಿಥೂನ್ಯದ ವಿಶ್ವಾಸಿಗಳೂ ಇದ್ದಾರೆ. ಸುಮಾರು ಕ್ರಿ.ಶ. 112ರಲ್ಲಿ ಅಲ್ಲಿನ ರೋಮನ್ ಅಧಿಕಾರಿ ಪ್ಲಿನಿ, ಇಲ್ಲಿ ಊರು ಹಳ್ಳಿಗಳಲ್ಲೆಲ್ಲ ಕ್ರೈಸ್ತರಿದ್ದಾರೆ ಅಂತ ಚಕ್ರವರ್ತಿಗೆ ಬರೆದ. ಸುವಾರ್ತೆ ಅಲ್ಲಿಗೂ ಮುಟ್ಟಿತು, ಪೌಲನ ಕೈಯಿಂದಲ್ಲ ಅಷ್ಟೆ.

ಅಂದರೆ ಒಂದು ತಡೆ ಸ್ವಲ್ಪ ಕಾಲದ್ದು, ಇನ್ನೊಂದು ಪೌಲನ ಮಟ್ಟಿಗೆ ಕೊನೆತನಕದ್ದು. ಬಿಥೂನ್ಯದ ಪಕ್ಕದ ಮೂಸ್ಯ ಸೀಮೆಯ ಹತ್ತಿರ ನಿಂತಿದ್ದಾಗ ಯಾವುದು ಯಾವುದು ಅಂತ ಅವನಿಗೆ ಯಾರೂ ಹೇಳಲಿಲ್ಲ. ಅವನ ನಂಬಿಕೆ "ಆಮೇಲೆ ಸಿಕ್ಕೇ ಸಿಗುತ್ತದೆ" ಅನ್ನುವುದರ ಮೇಲೆ ನಿಂತಿದ್ದರೆ ಬಿಥೂನ್ಯದಲ್ಲಿ ಮುರಿದುಬೀಳುತ್ತಿತ್ತು. ಅದು ನಿಂತದ್ದು ತಡೆದಾತನ ಮೇಲೆ. ನನಗೆ ಇದು ಅರ್ಥವಾಗಲು ಬಹಳ ಹೊತ್ತು ಹಿಡಿಯಿತು, ಆದರೆ ಈಗ ಪ್ರಾರ್ಥನೆ ಮಾಡುವ ರೀತಿಯೇ ಬದಲಾಗಿದೆ. ಆ ಸೀಟು ಮುಂದೆ ಕೊಡು ಅಂತ ಕೇಳುವುದು ಬಿಟ್ಟಿದ್ದೇನೆ.

10ನೇ ವಚನದಲ್ಲಿ ಒಂದು ಗಮನಿಸಿ. ತ್ರೋವ ಅನ್ನುವ ಬಂದರು ಊರಲ್ಲಿ ದರ್ಶನ ಕಂಡದ್ದು ಪೌಲ ಒಬ್ಬನೇ, ದೇವರು ಕರೆದಿದ್ದಾನೆ ಅಂತ ನಿಶ್ಚಯಿಸಿಕೊಂಡದ್ದು ಎಲ್ಲರೂ ಸೇರಿ. "ನಾವು" ಅನ್ನುವ ಮಾತು ಲೂಕನ ಬರಹದಲ್ಲಿ ಶುರುವಾಗುವುದೂ ಇಲ್ಲಿಂದಲೇ. ದೊಡ್ಡ ನಿರ್ಧಾರವನ್ನು ಒಬ್ಬರೇ ಕೂತು ಮಾಡಬೇಡಿ ಅನ್ನಲು ನನಗೆ ಈ ವಚನ ಸಾಕು.

ಮಕೆದೋನ್ಯದ ಫಿಲಿಪ್ಪಿ ಪಟ್ಟಣದಲ್ಲಿ ಏನಾಯಿತು? ದರ್ಶನದಲ್ಲಿ ಕರೆದವನು ಮಕೆದೋನ್ಯದ ಗಂಡಸು. ಹೊಳೆ ದಡದಲ್ಲಿ ಸಿಕ್ಕವರು ಹೆಂಗಸರು. ಅವರಲ್ಲಿ ಮನಸ್ಸು ತೆರೆದವಳು ಲುದ್ಯ, ಅವಳ ಊರು ಥುವತೈರ. ಅದು ಇರುವುದು ಆಸ್ಯದಲ್ಲಿ! ಆಮೇಲೆ ಪೌಲ, ಸೀಲರಿಗೆ ಛಡಿ ಏಟು, ಸೆರೆಮನೆ. ಕಷ್ಟ ಬಂತು ಅಂದಮಾತ್ರಕ್ಕೆ ದಾರಿ ತಪ್ಪಿದೆವು ಅಂತ ಅಳೆಯಲು ಆಗುವುದಿಲ್ಲ.

ಮುಂದಿನ ವಾರಕ್ಕೆ ರೋಮಾಪುರ 15:22-28 ಓದಿಕೊಂಡು ಬನ್ನಿ. ಅಲ್ಲಿ ಪೌಲ ರೋಮ್ ದಾಟಿ ಸ್ಪೇನಿಗೆ ಹೋಗುವ ಆಸೆ ಬರೆದಿದ್ದಾನೆ. ರೋಮ್‌ಗೆ ಹೋದದ್ದು ಕೈದಿಯಾಗಿ. ಸ್ಪೇನಿನ ಮಾತೇ ಎತ್ತದೆ ಅಪೊಸ್ತಲರ ಕೃತ್ಯಗಳು ಮುಗಿಯುತ್ತದೆ. ಸ್ಪೇನನ್ನು ಆಸ್ಯದ ಸಾಲಿಗೆ ಹಾಕುತ್ತೀರೋ, ಬಿಥೂನ್ಯದ ಸಾಲಿಗೋ, ಯೋಚಿಸಿಕೊಂಡು ಬನ್ನಿ.