ಯುಯಾವ್ ವಿದ್ವಾಂಸರು: ಹೆಸರಿನ ಗೋಜಲು ಬಿಡಿಸ್ಕೊಂಡ ನೋಟ್ಸ್

ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಯುಯಾವ್ ಅಂತ ಒಂದು ಹಳೇ ಕೌಂಟಿ, ನಮ್ಮ ತಾಲ್ಲೂಕಿನ ತರ ಅಂದ್ಕೊಳ್ಳಿ. ಕನ್ಫ್ಯೂಷಿಯನ್ ಪರಂಪರೆಯ ಮೂರು ದೊಡ್ಡ ವಿದ್ವಾಂಸರು ಇಲ್ಲಿಯೋರೇ: ವಾಂಗ್ ಯಾಂಗ್‌ಮಿಂಗ್ (1472–1529), ಝು ಷುನ್‌ಷುಯಿ (1600–1682), ಹುವಾಂಗ್ ಜೊಂಗ್‌ಷಿ (1610–1695).

ನಾನು ಸಿಕ್ಕಿಹಾಕ್ಕೊಂಡಿದ್ದು ತತ್ವದಲ್ಲಲ್ಲ, ಹೆಸರಲ್ಲಿ. ಒಂದು ಕಡೆ ವಾಂಗ್ ಷೋರೆನ್ ಅಂತಿತ್ತು, ಇನ್ನೊಂದು ಕಡೆ ವಾಂಗ್ ಯಾಂಗ್‌ಮಿಂಗ್, ಅಣ್ಣ ತಮ್ಮ ಇರ್ಬೇಕು ಅಂತ ಇಬ್ರಿಗೂ ಬೇರೆ ಬೇರೆ ಪುಟ ಮಾಡ್ಕೊಂಡಿದ್ದೆ, ಎರಡೂ ಪುಟದಲ್ಲಿ ಒಂದೇ ಇಸವಿ ಬಂದಾಗ್ಲೇ ಒಬ್ರೇ ಅಂತ ಗೊತ್ತಾಗಿದ್ದು. ವಿಷ್ಯ ಏನಂದ್ರೆ ಮನೇಲಿ ಇಟ್ಟ ಹೆಸರಿಗೆ 'ಮಿಂಗ್' ಅಂತಾರೆ, ದೊಡ್ಡೋರಾದ್ಮೇಲೆ ಬೇರೆಯವ್ರು ಮರ್ಯಾದೆಯಿಂದ ಕರೆಯೋಕೆ ಇನ್ನೊಂದು ಹೆಸರು, ಇದರ ಮೇಲೆ ನಮ್ಮ ಕಾವ್ಯನಾಮದ ತರ 'ಹಾವ್' ಬೇರೆ. ಷೋರೆನ್ ಅನ್ನೋದು ಮಿಂಗ್, ಯಾಂಗ್‌ಮಿಂಗ್ ಅನ್ನೋದು ಹಾವ್. ಇಲ್ಲಿ ಹುಷಾರು, ಹೆಸರು ಅನ್ನೋ ಅರ್ಥದ ಮಿಂಗ್ ಬೇರೆ, ಆ ಕಾಲದಲ್ಲಿ ಚೀನಾ ಆಳ್ತಿದ್ದ ಮಿಂಗ್ ರಾಜವಂಶದ ಮಿಂಗ್ ಬೇರೆ, ಚೀನೀ ಲಿಪಿಯಲ್ಲಿ ಅಕ್ಷರಾನೇ ಬೇರೆ, ಕನ್ನಡದಲ್ಲಿ ಬರೆದಾಗ ಮಾತ್ರ ಎರಡೂ ಒಂದೇ ತರ ಕಾಣುತ್ತೆ. ನನ್ನ ಶಾರ್ಟ್‌ಕಟ್: ಹಾವ್ ಸಿಕ್ಕಿದ್ರೆ ಅದರ ಹಿಂದೆ ಯಾವ್ದಾದ್ರೂ ಜಾಗ ಇದ್ಯಾ ನೋಡಿ. ಯಾಂಗ್‌ಮಿಂಗ್ ಅನ್ನೋದು ಅವರು ಕೂತು ಧ್ಯಾನ ಮಾಡಿದ ಗುಹೆ, ಷುನ್‌ಷುಯಿ ಅನ್ನೋದು ಯುಯಾವ್‌ನ ನದಿ. ಗುಹೆ ವಾಂಗ್‌ಗೆ, ನದಿ ಝುಗೆ, ಇಷ್ಟು ನೆನಪಿದ್ರೆ ಸಾಕು. ಝು ಷಿ (1130–1200) ಅಂತ ಇನ್ನೊಬ್ರು ವಿದ್ವಾಂಸರು ಬರ್ತಾರೆ, ಝು ಅನ್ನೋ ಮನೆತನದ ಹೆಸರು ಒಂದೇ, ಆದ್ರೆ ಅವರು ನಾಲ್ಕು ಶತಮಾನ ಹಿಂದಿನೋರು, ಯುಯಾವ್‌ನವ್ರಲ್ಲ.

ಈ ಝು ಷಿ ಇಲ್ದೆ ವಾಂಗ್ ಅರ್ಥ ಆಗಲ್ಲ. ಪ್ರತಿ ವಸ್ತುವಲ್ಲೂ ಒಂದು ತತ್ವ ಇದೆ, ವಸ್ತುವನ್ನ ಪರಿಶೀಲಿಸಿ ಅದನ್ನ ತಿಳ್ಕೋಬೇಕು ಅಂತ ಝು ಷಿ ಹೇಳಿದ್ರು. ವಾಂಗ್ ಅದನ್ನ ನಂಬಿ ಬಿದಿರಿನ ಮುಂದೆ ಏಳು ದಿನ ಕೂತು ಕೊನೆಗೆ ಕಾಯಿಲೆ ಬಿದ್ರು, ಜೊತೆಗಿದ್ದ ಸ್ನೇಹಿತ ಮೂರೇ ದಿನಕ್ಕೆ ಸುಸ್ತು. ಮುಂದೆ ನಪುಂಸಕ ಅಧಿಕಾರಿ ಲಿಯು ಜಿನ್‌ನ ಎದುರು ಹಾಕ್ಕೊಂಡು, ಏಟು ತಿಂದು, ಗ್ವಿಝೋ ಪ್ರಾಂತ್ಯದ ಲಾಂಗ್‌ಚಾಂಗ್‌ಗೆ ಗಡೀಪಾರಾದಾಗ, 1508ರಲ್ಲಿ, ಆ ತತ್ವ ಹೊರಗಿಲ್ಲ ನಮ್ಮ ಮನಸ್ಸಲ್ಲೇ ಇದೆ ಅಂತ ಹೊಳೀತು. ತಿಳಿಯೋದು ಮಾಡೋದು ಎರಡೂ ಒಂದೇ ಅನ್ನೋ ಮಾತಿಗೆ ಅವರೇ ಕೊಡೋ ಉದಾಹರಣೆ ಕೆಟ್ಟ ವಾಸನೆದು: ಮೂಗಿಗೆ ಬಡಿದ ತಕ್ಷಣ ಅಸಹ್ಯ ಆಗುತ್ತೆ, ಮೊದ್ಲು ಮೂಸಿ ಆಮೇಲೆ ಅಸಹ್ಯ ಪಡೋಣ ಅಂತ ಯಾರೂ ನಿರ್ಧಾರ ಮಾಡಲ್ಲ.

ನಂಗೆ ಹೆಚ್ಚು ಮನಸ್ಸಿಗೆ ತಟ್ಟಿದ್ದು ಹುವಾಂಗ್. ಅಪ್ಪ 1626ರಲ್ಲಿ ಜೈಲಲ್ಲಿ ಸತ್ರು, 1628ರಲ್ಲಿ ಮಗ ಬೀಜಿಂಗ್‌ಗೆ ಹೋಗಿ ಅದಕ್ಕೆ ಕಾರಣ ಆದೋರನ್ನ ವಿಚಾರಣೆ ನಡೀತಿದ್ದಾಗ್ಲೇ ದಬ್ಬಳದಿಂದ ಚುಚ್ಚಿದ್ರು. ಅದೇ ಮನುಷ್ಯ 1663ರ ಹೊತ್ತಿಗೆ ಬರೆದು ಮುಗಿಸಿದ ಪುಸ್ತಕದಲ್ಲಿ, ಹಿಂದೆ ಜನಾನೇ ಮನೆ ಯಜಮಾನ್ರು, ರಾಜ ಬರೀ ಅತಿಥಿ ಅಂತಿತ್ತು, ಈಗ ಅದು ತಲೆಕೆಳಗಾಗಿದೆ ಅಂತಾರೆ. ಎಂಥ ಧೈರ್ಯ!

ಝು ಮಾತ್ರ ಮಿಂಗ್ ವಂಶ ಬಿದ್ಮೇಲೆ 1659ರಲ್ಲಿ ಜಪಾನಿನ ನಾಗಸಾಕಿಗೆ ಹೋಗಿ ನೆಲೆಸಿದ್ರು, 1665ರಲ್ಲಿ ಅಲ್ಲಿನ ಮಿತೋ ಸಂಸ್ಥಾನದ ಒಡೆಯ ತೊಕುಗಾವಾ ಮಿತ್ಸುಕುನಿ ಗುರುವಾಗಿ ಕರೆಸ್ಕೊಂಡ. ಸುಮ್ನೆ ಹೆಸರು ಹಿಡಿದು ಗುರುವನ್ನ ಕರೆಯೋ ಹಾಗಿಲ್ಲ, ಒಂದು ಹಾವ್ ಹೇಳಿ ಅಂದಾಗ, ಇವರು ಬಿಟ್ಟು ಬಂದ ಊರಿನ ನದಿ ಹೆಸರು ಕೊಟ್ರು.