ಎಕ್ಸಿಟಾನ್‌ಗೆ ಬೆಳಕಿನ ಲಗಾಮು: ಈ ಕಥೆ ಶುರುವಾಗಿದ್ದು ಎಲ್ಲಿಂದ?

ಒಂದು ಲೇಸರ್ ಪಲ್ಸ್ (ಕ್ಷಣಮಾತ್ರದ ಬೆಳಕಿನ ತುಣುಕು) ಅರೆವಾಹಕದಲ್ಲಿ ಎಕ್ಸಿಟಾನ್‌ಗಳನ್ನು, ಅಂದರೆ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗದ ಜೋಡಿಗಳನ್ನು, ಹುಟ್ಟಿಸುತ್ತದೆ. ಅದರ ಬೆನ್ನಿಗೇ ಬರುವ ಎರಡನೇ ಪಲ್ಸ್ ಅವನ್ನು ಅಳಿಸಿಹಾಕುತ್ತದೆ. ಇದು ಸಾಧ್ಯ ಎಂದು ತೋರಿಸಿ ಮೂವತ್ತು ವರ್ಷವಾಯಿತು. ಆಮೇಲೆ ಅತಿವೇಗದ ಸ್ವಿಚ್, ಕ್ವಾಂಟಂ ಕಂಪ್ಯೂಟರ್, ಒಂದೇ ಪದರದ ಹೊಸ ಹರಳುಗಳು ಎಲ್ಲವೂ ಇದಕ್ಕೆ ತಳುಕು ಹಾಕಿಕೊಂಡವು. ಈಗ ಹೊಸದಾಗಿ ಓದುವವರಿಗೆ ಯಾವುದು ಎಲ್ಲಿ ನಿಂತಿದೆ ಎಂದೇ ತಿಳಿಯದ ಸ್ಥಿತಿ.

ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ ಧನ ವಿದ್ಯುದಂಶದ ಹಾಗೆ ನಡೆದುಕೊಳ್ಳುತ್ತದೆ. ಅದನ್ನು ಹೋಲ್ ಎನ್ನುತ್ತಾರೆ. ಎರಡೂ ಒಂದನ್ನೊಂದು ಸೆಳೆದು ಜೋಡಿಯಾದರೆ ಅದೇ ಎಕ್ಸಿಟಾನ್. 1931ರಲ್ಲಿ ಸೋವಿಯತ್ ಭೌತವಿಜ್ಞಾನಿ ಫ್ರೆಂಕೆಲ್ ಈ ಕಲ್ಪನೆ ಕೊಟ್ಟರು. 1970ರಲ್ಲಿ ಎಸಾಕಿ ಮತ್ತು ತ್ಸು ತೆಳು ಪದರಗಳನ್ನು ಒಂದರ ಮೇಲೊಂದು ಜೋಡಿಸುವ ಯೋಚನೆ ಮುಂದಿಟ್ಟರು. 1974ರಲ್ಲಿ ಬೆಲ್ ಲ್ಯಾಬ್ಸ್‌ನ ಡಿಂಗಲ್ ಮತ್ತು ಸಂಗಡಿಗರು ಇಂಥ ಪದರಗಳಲ್ಲಿ ಎಲೆಕ್ಟ್ರಾನ್‌ಗಳು ಮೆಟ್ಟಿಲು ಮೆಟ್ಟಿಲಾದ ಶಕ್ತಿಮಟ್ಟಗಳಲ್ಲೇ ನಿಲ್ಲುತ್ತವೆ ಎಂದು ತೋರಿಸಿದರು. ಹೀಗೆ ಕ್ವಾಂಟಂ ವೆಲ್, ಅಂದರೆ ಎಲೆಕ್ಟ್ರಾನ್‌ಗಳನ್ನು ಹಿಡಿದಿಡುವ ತೆಳು ಪದರದ ಬಾವಿ, ಕೈಗೆ ಸಿಕ್ಕಿತು.

ಗ್ಯಾಲಿಯಂ ಆರ್ಸೆನೈಡ್‌ನ ಸುಮಾರು 10 ನ್ಯಾನೊಮೀಟರ್ ದಪ್ಪದ ಪದರ, ಎರಡೂ ಕಡೆ ಅಲ್ಯೂಮಿನಿಯಂ ಸೇರಿಸಿದ ಗೋಡೆ. ಒಳಗೆ ಸಿಕ್ಕಿಬಿದ್ದ ಜೋಡಿ ಇನ್ನೂ ಬಿಗಿಯಾಗುತ್ತದೆ. ದಪ್ಪ ಹರಳಿನಲ್ಲಿ ಅದನ್ನು ಒಡೆಯಲು ಸುಮಾರು 4 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಸಾಕು, ಇಲ್ಲಿ 10ರ ಆಸುಪಾಸು ಬೇಕು. ಕೋಣೆಯ ಬಿಸಿಗೆ 25ರಷ್ಟು ಶಕ್ತಿ ಇರುತ್ತದೆ. ಅದಕ್ಕೇ ಈ ಪ್ರಯೋಗಗಳನ್ನು ದ್ರವ ಹೀಲಿಯಂ ಬಳಸಿ ತಣ್ಣಗೆ ಮಾಡಿದ ಮಾದರಿಗಳ ಮೇಲೆ ನಡೆಸುತ್ತಾರೆ.

ಪಲ್ಸ್ ಬಿದ್ದ ಕ್ಷಣದಲ್ಲಿ ಎಕ್ಸಿಟಾನ್‌ಗಳೆಲ್ಲ ಒಂದೇ ಲಯದಲ್ಲಿರುತ್ತವೆ, ಕೋಲಾಟದ ಮೊದಲ ಸುತ್ತಿನಲ್ಲಿ ಎಲ್ಲರ ಕೋಲೂ ಒಟ್ಟಿಗೆ ಬಡಿಯುವ ಹಾಗೆ. ಒಂದಕ್ಕೊಂದು ಢಿಕ್ಕಿ ಹೊಡೆದು, ಹರಳಿನ ಕಂಪನ ತಾಗಿ, ಕೆಲವು ಪಿಕೊಸೆಕೆಂಡ್‌ಗಳಲ್ಲಿ (ಒಂದು ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು) ಲಯ ಕೆಡುತ್ತದೆ. ಬೆಳಕಿನಿಂದ ಹಿಡಿತ ಸಾಧಿಸಬೇಕಾದರೆ ಅಷ್ಟರೊಳಗೇ ಸಾಧಿಸಬೇಕು.

1995ರಲ್ಲಿ ಹೆಬರ್ಲೆ, ಬಾಂಬರ್ಗ್ ಮತ್ತು ಕೋಹ್ಲರ್ ಮಾಡಿದ್ದು ಅದನ್ನೇ. ಹೆಬರ್ಲೆ ಮತ್ತು ಬಾಂಬರ್ಗ್ ಆಗ ಕೇಂಬ್ರಿಡ್ಜ್‌ನ ಹಿಟಾಚಿ ಪ್ರಯೋಗಾಲಯದಲ್ಲಿದ್ದರು. ಈ ಬಗೆಯ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಪಲ್ಸನ್ನು ಎರಡಾಗಿ ಸೀಳಿ, ಒಂದನ್ನು ಸ್ವಲ್ಪ ಸುತ್ತು ದಾರಿಯಲ್ಲಿ ಕಳಿಸಿ, ಮತ್ತೆ ಒಂದುಗೂಡಿಸುತ್ತಾರೆ. 800 ನ್ಯಾನೊಮೀಟರ್ ಬೆಳಕಿನ ಒಂದು ಅಲೆಗೆ ಹಿಡಿಯುವ ಸಮಯ 2.7 ಫೆಮ್ಟೊಸೆಕೆಂಡ್ (ಪಿಕೊಸೆಕೆಂಡಿನ ಸಾವಿರದ ಒಂದು ಪಾಲು ಒಂದು ಫೆಮ್ಟೊಸೆಕೆಂಡ್). ಕನ್ನಡಿಯನ್ನು ಬರೀ 200 ನ್ಯಾನೊಮೀಟರ್ ಹಿಂದೆ ಸರಿಸಿದರೆ ಹೋಗಿಬರುವ ದಾರಿ 400 ಹೆಚ್ಚುತ್ತದೆ. ಅಂದರೆ ಎರಡನೇ ಪಲ್ಸ್ ಅರ್ಧ ಅಲೆ ತಡ. ಲಯ ಕೂಡಿದಾಗ ಎಕ್ಸಿಟಾನ್‌ಗಳ ಸಂಖ್ಯೆ ಒಂದೇ ಪಲ್ಸ್‌ಗೆ ಹುಟ್ಟುವುದರ ನಾಲ್ಕು ಪಟ್ಟಿನ ತನಕ ಏರಬಹುದು, ಅರ್ಧ ಅಲೆ ತಪ್ಪಿದಾಗ ಬಹುಪಾಲು ಮಾಯ. ಮೇಜು ಅಲುಗಿದರೂ ಲೆಕ್ಕ ತಪ್ಪುತ್ತದೆ. ಎಕ್ಸಿಟಾನ್‌ಗಳು ತಾವಾಗಿ ಬೆಳಕಾಗಿ ಕರಗುವ ತನಕ ಕಾಯದೆ, ಕೆಲವು ನೂರು ಫೆಮ್ಟೊಸೆಕೆಂಡ್‌ಗಳಲ್ಲಿ ಅವನ್ನು ಇಲ್ಲವಾಗಿಸಬಹುದು ಎನ್ನುವುದೇ ಇಲ್ಲಿನ ಹೊಸತನ.

ಗೊಂದಲದ ಬೇರೂ ಇಲ್ಲೇ ಇದೆ. ಪಲ್ಸ್‌ಗಳು ದುರ್ಬಲವಾಗಿದ್ದರೆ ಇದನ್ನು ಇನ್ನೊಂದು ರೀತಿಯಲ್ಲೂ ಹೇಳಬಹುದು. ಎರಡು ಪಲ್ಸ್ ಸೇರಿದ ಬೆಳಕಿನ ವರ್ಣಪಟಲದಲ್ಲಿ ಕಪ್ಪು ಪಟ್ಟಿಗಳು ಮೂಡುತ್ತವೆ. ಎಕ್ಸಿಟಾನ್‌ಗೆ ಬೇಕಾದ ಬಣ್ಣ ಆ ಕಪ್ಪು ಪಟ್ಟಿಯಲ್ಲಿ ಬಿದ್ದರೆ ಹೀರಿಕೆಯೇ ಇಲ್ಲ. ಹಾಗಾದರೆ ಅಳಿಸಿದ್ದು ಎಂಬ ಮಾತು ಸುಮ್ನೆ ಅಲ್ವಾ ಎಂದು ಕೇಳಬಹುದು. ಗಣಿತದಲ್ಲಿ ಎರಡೂ ಒಂದೇ. ಆದರೆ ಎರಡು ಪಲ್ಸ್‌ಗಳ ನಡುವಿನ ಹೊತ್ತಿನಲ್ಲಿ ಎಕ್ಸಿಟಾನ್‌ಗಳು ಅಲ್ಲಿ ಇದ್ದದ್ದು ನಿಜ, ಅವುಗಳ ಶಕ್ತಿ ಎರಡನೇ ಪಲ್ಸ್‌ಗೆ ಸೇರಿ ಹೊರಗೆ ಹೋದದ್ದೂ ನಿಜ. ಈ ತಕರಾರನ್ನು ಬರೀ ಕೊಂಕು ಎಂದು ತಳ್ಳಿಹಾಕುವುದು ಸರಿಯಲ್ಲ. ಯಾವುದು ಮಾಮೂಲಿ ಅಲೆಗಳ ಆಟ, ಯಾವುದು ಅದಕ್ಕಿಂತ ಜಾಸ್ತಿ ಎಂದು ಬೇರ್ಪಡಿಸುವ ಹೊಣೆ ಇದರಿಂದಲೇ ಬಂತು.

ಆ ಜಾಸ್ತಿ ಸಿಗುವುದು ಬೆಳಕು ಬಲವಾದಾಗ. ಕಂಡಿಫ್ ಮತ್ತು ಸಂಗಡಿಗರು 1994ರಲ್ಲೇ ಕ್ವಾಂಟಂ ವೆಲ್‌ನಲ್ಲಿ ರಾಬಿ ಆಂದೋಲನದ ಗುರುತು ಕಂಡಿದ್ದರು: ಒಂದೇ ಪಲ್ಸ್ ಎಕ್ಸಿಟಾನ್‌ಗಳನ್ನು ಏರಿಸಿ ಇಳಿಸುತ್ತದೆ. ಆದರೆ ಬೆಳಕು ಹೆಚ್ಚಿದರೆ ಎಕ್ಸಿಟಾನ್‌ಗಳೂ ಹೆಚ್ಚುತ್ತವೆ, ಒಂದನ್ನೊಂದು ತಾಗಿ ಲಯವನ್ನು ಇನ್ನೂ ಬೇಗ ಕೆಡಿಸುತ್ತವೆ. ಸ್ವಿಚ್‌ಗಳ ಆಸೆ ಎಡವಿದ್ದು ಇಲ್ಲಿ. ಈ ಮಿತಿಯನ್ನು ಆಸೆ ಹುಟ್ಟಿಸುವ ಹೊತ್ತಿನಲ್ಲೇ ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳಬೇಕಿತ್ತು.

ಗುಂಪಿನಿಂದ ತಪ್ಪಿಸಿಕೊಳ್ಳುವ ದಾರಿ ಅದೇ ಬಾವಿಯೊಳಗೆ ಸಿಕ್ಕಿತು. ತೆಳು ವೆಲ್‌ನ ದಪ್ಪ ಅಲ್ಲಲ್ಲಿ ಒಂದು ಅಣುಪದರದಷ್ಟು ಏರುಪೇರಾಗಿರುತ್ತದೆ. ಆ ಪುಟ್ಟ ಉಬ್ಬುಗಳಲ್ಲಿ ಒಂದೊಂದೇ ಎಕ್ಸಿಟಾನ್ ನೆಲೆ ನಿಲ್ಲುತ್ತದೆ. 1998ರಲ್ಲಿ ಬೊನಾಡಿಯೊ, ಗ್ಯಾಮನ್, ಸ್ಟೀಲ್ ಮತ್ತು ಸಂಗಡಿಗರು ಅಂಥ ಒಂದೇ ನೆಲೆಯಲ್ಲಿ ಈ ಹಿಡಿತವನ್ನು ಸಾಧಿಸಿ ತೋರಿಸಿದರು. ಕ್ವಾಂಟಂ ಕಂಪ್ಯೂಟರ್ ಮಾತು ಅಂಟಿಕೊಂಡಿದ್ದು ಈ ಕವಲಿಗೆ. ಅದನ್ನು ಇಡೀ ವೆಲ್‌ನ ಪ್ರಯೋಗಗಳಿಗೂ ಹೊಂದಿಸಿ ಓದಿದರೆ ದಾರಿ ತಪ್ಪುತ್ತದೆ.

2010ರ ನಂತರ ಗಮನ ಒಂದೇ ಪದರದ ಮಾಲಿಬ್ಡಿನಂ ಮತ್ತು ಟಂಗ್‌ಸ್ಟನ್ ಸಂಯುಕ್ತಗಳ ಹರಳುಗಳ ಕಡೆ ಸರಿದಿದೆ. ಅಲ್ಲಿ ಜೋಡಿಯ ಬಿಗಿ ನೂರಾರು ಮಿಲಿ ಎಲೆಕ್ಟ್ರಾನ್‌ವೋಲ್ಟ್, ಕೋಣೆಯ ಬಿಸಿಗೂ ಒಡೆಯುವುದಿಲ್ಲ. ಆದರೆ ಲಯ ಹೆಚ್ಚಾಗಿ ಒಂದು ಪಿಕೊಸೆಕೆಂಡ್ ಕೂಡ ಉಳಿಯುವುದಿಲ್ಲ. ಇನ್ನೊಂದು ಹಳೆಯ ದಾರಿಗೆ ಮಾತ್ರ ಇಲ್ಲಿ ಮರುಜೀವ ಬಂದಿದೆ. ಎಕ್ಸಿಟಾನ್ ಹೀರದಷ್ಟು ಕಡಿಮೆ ಶಕ್ತಿಯ ಬೆಳಕು ಹಾಯಿಸಿದರೆ ಅದರ ಶಕ್ತಿಮಟ್ಟ ಸರಿಯುತ್ತದೆ, ಬೆಳಕು ಹೋದೊಡನೆ ವಾಪಸ್ ಬರುತ್ತದೆ. ಕ್ವಾಂಟಂ ವೆಲ್‌ಗಳಲ್ಲಿ 1986ರಲ್ಲೇ ಕಂಡಿದ್ದ ಈ ಪರಿಣಾಮವನ್ನು 2014ರಲ್ಲಿ ಟಂಗ್‌ಸ್ಟನ್ ಡೈಸೆಲೆನೈಡ್ ಪದರದಲ್ಲಿ ತೋರಿಸಿದರು. ಬೆಳಕಿನ ಅಲೆ ಸುತ್ತುವ ದಿಕ್ಕನ್ನು (ವೃತ್ತಾಕಾರದ ಧ್ರುವೀಕರಣ) ಬದಲಿಸಿದರೆ ಯಾವ ಬಗೆಯ ಎಕ್ಸಿಟಾನ್ ಸರಿಯಬೇಕು ಎಂದು ಆರಿಸಿಕೊಳ್ಳಲೂಬಹುದು. ಇಲ್ಲಿ ಎಕ್ಸಿಟಾನ್‌ಗಳ ಗುಂಪನ್ನು ಹುಟ್ಟಿಸುವ ಅಗತ್ಯವೇ ಇಲ್ಲ.